ಕಟ್ಟು ಬಿಚ್ಚುವ ಕೆಲಸ: ವ್ಯಸನದಿಂದ ಹೊರಬರುತ್ತಿರುವ ಮಕ್ಕಳ ಓದು

ಯೋಹಾನನ ಸುವಾರ್ತೆ 11ನೇ ಅಧ್ಯಾಯ ತೆಗೆಯಿರಿ. ಲಾಜರನನ್ನು ಯೇಸು ಎಬ್ಬಿಸಿದ್ದು ನಮಗೆಲ್ಲ ಗೊತ್ತು. ಆದರೆ 44ನೇ ವಚನ ಗಮನಿಸಿ. ಜೀವ ಕೊಟ್ಟದ್ದು ಯೇಸು. ಮೈಗೆ ಸುತ್ತಿದ್ದ ಬಟ್ಟೆ ಬಿಚ್ಚುವ ಕೆಲಸವನ್ನು ಆತನು ಪಕ್ಕದಲ್ಲಿ ನಿಂತಿದ್ದವರಿಗೆ ಒಪ್ಪಿಸಿದನು. ಗಾಂಜಾದಿಂದ, ಕುಡಿತದಿಂದ ಹೊರಗೆ ಬರುತ್ತಿರುವ ಹದಿನೈದು-ಹದಿನಾರರ ಮಕ್ಕಳ ವಿಷಯದಲ್ಲಿ ನಮ್ಮ ಪಾಲಿನ ಕೆಲಸವೂ ಅದೇ.

ಕೌನ್ಸೆಲಿಂಗ್‌ಗೆ ಬರುವ ತಂದೆತಾಯಿ ನನ್ನನ್ನು ಮೊದಲು ಕೇಳೋದು, "ಪಾಸ್ಟರ್, ಇವನ ಸ್ಕೂಲ್ ಏನ್ ಮಾಡೋದು?" ಆಮೇಲೆ, "ಊರಿಗೆ ಕಳಿಸಿಬಿಡೋಣ್ವಾ? ಅಲ್ಲಿ ಇದೆಲ್ಲ ಇರಲ್ಲ."

ಮಲೆನಾಡಿನ ಕುಪ್ಪಳ್ಳಿಯನ್ನೇ ತಗೊಳ್ಳಿ. ಅಲ್ಲಿ ಬೆಳೆದ ಕುವೆಂಪು ಮೊದಲು ಮನೆಗೆ ಕರೆಸಿದ ಮೇಷ್ಟ್ರ ಹತ್ತಿರ ಕಲಿತರು, ಆಮೇಲೆ ತೀರ್ಥಹಳ್ಳಿಯ ಶಾಲೆಗೆ ಹೋದರು, ಕೊನೆಗೆ ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲ್ ಸೇರಿದರು. ಒಬ್ಬನೇ ಹುಡುಗ, ಮೂರು ಬಗೆಯ ಕಲಿಕೆ. ಹಾಗಾಗಿ ಓದಿನ ದಾರಿ ಬದಲಾಯಿಸೋದು ಅವಮಾನವಲ್ಲ. ಆದರೆ ಕಾಡು ಕಂಡ ತಕ್ಷಣ ಚಟ ಬಿಟ್ಟುಹೋಗಲ್ಲ. ಶಿವಮೊಗ್ಗ ಜಿಲ್ಲೆಯಲ್ಲೂ ಗಾಂಜಾ ಕೇಸುಗಳು ದಾಖಲಾಗುತ್ತವೆ. ಚಿಕಿತ್ಸೆ ಮುಂದುವರಿಸಲು ಜಿಲ್ಲಾ ಕೇಂದ್ರಕ್ಕೆ ಹೋಗಬೇಕೆಂದರೆ ತೀರ್ಥಹಳ್ಳಿಯಿಂದಲೇ ಸುಮಾರು 60 ಕಿ.ಮೀ. ಅಜ್ಜಿ ಒಬ್ಬರೇ ಎಷ್ಟು ದಿನ ಕಾಯ್ತಾರೆ? ಊರಿಗೆ ಕಳಿಸುವ ಮೊದಲು ಕೇಳಬೇಕಾದ್ದು ಮೂರು ಪ್ರಶ್ನೆ: ಡಾಕ್ಟರ್ ಎಷ್ಟು ದೂರ? ಮನೆಯಲ್ಲಿ ಜೊತೆಗಿರೋರು ಯಾರು? ಹಗಲೆಲ್ಲ ಅವನು ಏನು ಮಾಡ್ತಾನೆ?

ಈಗ ದಾರಿಗಳನ್ನು ನೋಡೋಣ.

ಮೊದಲನೆಯದು, ಅದೇ ಶಾಲೆಗೆ ವಾಪಸ್ ಹೋಗೋದು. ಪಾಠ ತಪ್ಪಲ್ಲ, ನಿಜ. ಆದರೆ ಅದೇ ಗೆಳೆಯರು, ಅದೇ ಗೂಡಂಗಡಿ. ಮುಖ್ಯೋಪಾಧ್ಯಾಯರಿಗೂ ನಂಬಿಕೆಯ ಒಬ್ಬ ಟೀಚರ್‌ಗೂ ಮಾತ್ರ ವಿಷಯ ತಿಳಿಸಿ, ಕಷ್ಟವಾದಾಗ ಅವನು ಯಾರ ಹತ್ತಿರ ಹೋಗಬೇಕು ಅಂತ ಮೊದಲೇ ಗೊತ್ತು ಮಾಡಿ. ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಹೈಸ್ಕೂಲಿಗೆ ಆ ಕಾಯ್ದೆಯ ರಕ್ಷಣೆ ಸಿಗಲ್ಲ, ಆದ್ದರಿಂದ ಅಲ್ಲಿ ಹಿರಿಯರೊಬ್ಬರು ಜೊತೆಗೆ ಹೋಗಿ ಸಮಾಧಾನವಾಗಿ ಮಾತಾಡೋದು ಒಳ್ಳೇದು.

ಎರಡನೆಯದು, ಮುಕ್ತ ಶಾಲೆ. ಎನ್‌ಐಒಎಸ್‌ನಲ್ಲಿ 14 ವರ್ಷ ತುಂಬಿದವರು ಹತ್ತನೇ ತರಗತಿಗೆ ಹೆಸರು ನೋಂದಾಯಿಸಬಹುದು. ಐದು ವರ್ಷದೊಳಗೆ ಒಂಬತ್ತು ಸಲ ಪರೀಕ್ಷೆ ಬರೆಯುವ ಅವಕಾಶವಿದೆ. ಒಂದೊಂದೇ ವಿಷಯ ಮುಗಿಸುತ್ತಾ ಹೋಗಬಹುದು. ಚಿಕಿತ್ಸೆಯಲ್ಲಿರುವ ಮಗುವಿಗೆ ಇದು ದೊಡ್ಡ ಉಸಿರು. ಅಪಾಯ ಒಂದೇ, ಮನೆಯಲ್ಲಿ ಒಂಟಿಯಾಗಿ ಕೂರೋದು. ಟೈಮ್‌ಟೇಬಲ್ ಇಲ್ಲದಿದ್ದರೆ ಈ ದಾರಿ ಬೇಡ.

ಮೂರನೆಯದು, ಎಸ್‌ಎಸ್‌ಎಲ್‌ಸಿ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶವಿದೆ. ಒಂದು ತಪ್ಪಿದರೆ ವರ್ಷವೇ ಹೋಯ್ತು ಅಂತ ಹೆದರಿಸಬೇಡಿ.

ನಾಲ್ಕನೆಯದು, ಐಟಿಐ. 14 ವರ್ಷ ದಾಟಿದವರಿಗೆ ಪ್ರವೇಶವಿದೆ. ಕೆಲವು ಟ್ರೇಡ್‌ಗಳಿಗೆ ಎಂಟನೇ ತರಗತಿ ಪಾಸಾಗಿದ್ದರೆ ಸಾಕು. ಪುಸ್ತಕದ ಮುಂದೆ ಕೂರಲಾಗದ ಹುಡುಗ ವೆಲ್ಡಿಂಗ್ ಕಲಿತು ತಲೆ ಎತ್ತಿ ನಿಲ್ಲಬಹುದು. ಯೇಸುವೂ ಬಡಗಿಯ ಮನೆಯಲ್ಲಿ ಬೆಳೆದವನು, ಅಲ್ವಾ?

ಅಮೆರಿಕದ ಮಿನ್ನೆಸೊಟಾದಲ್ಲಿ 1980ರ ದಶಕದ ಕೊನೆಯಿಂದಲೇ ಇಂಥ ಮಕ್ಕಳಿಗೆಂದೇ ಚಿಕ್ಕ ಚಿಕ್ಕ ಹೈಸ್ಕೂಲ್‌ಗಳು ನಡೆದಿವೆ. ಓದೂ ಅಲ್ಲೇ, ಚೇತರಿಕೆಗೆ ಬೆಂಬಲವೂ ಅಲ್ಲೇ. ಅದರ ಮುಖ್ಯ ಬಲ ಕಟ್ಟಡವಲ್ಲ, ಚಟವಿಲ್ಲದ ಗೆಳೆಯರು. ಇದನ್ನು ಕೊಡೋಕೆ ನಮ್ಮಿಂದ ಆಗಲ್ವಾ? ನಿಮ್ಮಲ್ಲಿ ಇಂಜಿನಿಯರ್‌ಗಳಿದ್ದೀರಿ, ಬಿಕಾಂ ಓದಿದವರಿದ್ದೀರಿ. ಶನಿವಾರ ಸಂಜೆ ಎರಡು ಗಂಟೆ ಗಣಿತ, ಇಂಗ್ಲಿಷ್ ಹೇಳಿಕೊಡಿ. ಆಮೇಲೆ ಜೊತೆಗೆ ಕ್ರಿಕೆಟ್ ಆಡಿ.

ಇನ್ನು ಮೂರು ಮಾತು ಕಟ್ಟುನಿಟ್ಟಾಗಿ ಹೇಳ್ತೀನಿ. ಬಿಡುಗಡೆಯಾದ ಮಗುವನ್ನು ತಕ್ಷಣ ಸ್ಟೇಜ್ ಹತ್ತಿಸಿ ಸಾಕ್ಷಿ ಹೇಳಿಸಬೇಡಿ, ಆ ವಿಡಿಯೋ ಯೂಟ್ಯೂಬ್‌ಗೆ ಹಾಕಲೇಬೇಡಿ. ಸಾಕ್ಷಿ ಐದು ನಿಮಿಷದಲ್ಲಿ ಮುಗಿಯುತ್ತದೆ. ವಿಡಿಯೋ ಅವನು ಮುಂದೆ ಸೇರುವ ಕಾಲೇಜಿಗೂ, ಕೆಲಸದ ಇಂಟರ್‌ವ್ಯೂಗೂ ಹಿಂದೆಯೇ ಬರುತ್ತದೆ. ಎರಡು, ಪ್ರಾರ್ಥನೆಯಾಯಿತು ಅಂತ ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸಬೇಡಿ. ಉಪವಾಸ ಪ್ರಾರ್ಥನೆಯೂ ಇರಲಿ, ಮಾತ್ರೆಯೂ ಇರಲಿ. ಮೂರು, ಒಮ್ಮೆ ಜಾರಿ ಬಿದ್ದರೆ ನಂಬಿಕೆ ಸುಳ್ಳಾಯಿತು ಅನ್ನಬೇಡಿ. ಆ ದಿನವೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ವಿಭಾಗವಿದೆ. ಎಲ್ಲೇ ಇದ್ದರೂ ಟೆಲಿ-ಮಾನಸ್ 14416ಕ್ಕೆ, ಮಾದಕ ವ್ಯಸನದ ಸಹಾಯವಾಣಿ 14446ಕ್ಕೆ ಫೋನ್ ಮಾಡಬಹುದು.

ಈ ವಾರದ ಕೆಲಸ ಇಷ್ಟೇ. ನಿಮ್ಮ ಬೀದಿಯಲ್ಲಿ ಶಾಲೆ ಬಿಟ್ಟು ಮನೆಯಲ್ಲಿ ಕೂತಿರುವ ಒಬ್ಬ ಹುಡುಗನೋ ಹುಡುಗಿಯೋ ಇದ್ದರೆ, ಉಪದೇಶ ಮಾಡಬೇಡಿ. ಊಟ ಆಯ್ತಾ ಕೇಳಿ, ಯಾವ ವಿಷಯ ಕಷ್ಟ ಅಂತ ಕೇಳಿ, ಪಕ್ಕದಲ್ಲಿ ಕೂತು ಒಂದು ಲೆಕ್ಕ ಬಿಡಿಸಿ. ಕರ್ತನು ನಿಮ್ಮ ಕೈಗಳನ್ನು ಆಶೀರ್ವದಿಸಲಿ. ಆಮೆನ್.