ಬಾಲಿಂಟ್ ಗುಂಪಿನಲ್ಲಿ ವೈದ್ಯರು ಕಲಿಯುವುದೇನು?

ಕುಟುಂಬ ವೈದ್ಯರಿಗೆ ಮನಸ್ಸಿನ ವಿಷಯ ಕಲಿಸಬೇಕೆಂದರೆ ನಮಗೆ ಥಟ್ಟನೆ ಹೊಳೆಯುವುದು ಉಪನ್ಯಾಸ. ಖಿನ್ನತೆಯ ಲಕ್ಷಣಗಳೇನು, ಯಾವ ಮಾತ್ರೆ ಕೊಡಬೇಕು, ಯಾರನ್ನು ಮನೋವೈದ್ಯರ ಬಳಿಗೆ ಕಳಿಸಬೇಕು ಎಂಬ ಪಾಠ. ಅದೂ ಬೇಕು. ಆದರೆ ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್‌ನಲ್ಲಿ 1950ರ ಸುಮಾರಿಗೆ ಮೈಕೇಲ್ ಬಾಲಿಂಟ್ ಎಂಬ ವೈದ್ಯರು ಹಿಡಿದ ದಾರಿಯೇ ಬೇರೆ.

ಬಾಲಿಂಟ್ ಹುಟ್ಟಿದ್ದು 1896ರಲ್ಲಿ, ಬುಡಾಪೆಸ್ಟ್‌ನಲ್ಲಿ. ತಂದೆಯೂ ವೈದ್ಯರು. ಮನೋವಿಶ್ಲೇಷಣೆ ಕಲಿತು, 1930ರ ದಶಕದ ಕೊನೆಯಲ್ಲಿ ಇಂಗ್ಲೆಂಡಿಗೆ ಬಂದರು. ಮುಂದೆ ಅವರು ಮತ್ತು ಅವರ ಪತ್ನಿ ಈನಿಡ್ ಸೇರಿ ಬೆಳೆಸಿದ ಪದ್ಧತಿಗೇ ಇಂದು ಬಾಲಿಂಟ್ ಗುಂಪು ಎಂಬ ಹೆಸರು.

ಎಂಟು-ಹತ್ತು ವೈದ್ಯರು ವಾರಕ್ಕೊಮ್ಮೆ ಸುತ್ತ ಕೂರುತ್ತಾರೆ. ಒಬ್ಬರು ತಮ್ಮನ್ನು ಕಾಡುತ್ತಿರುವ ಒಬ್ಬ ರೋಗಿಯ ಕುರಿತು, ಕಡತ ನೋಡದೆ, ನೆನಪಿನಿಂದಲೇ ಹೇಳುತ್ತಾರೆ. ಪದೇಪದೇ ತಲೆನೋವೆಂದು ಬರುವ ಹೆಂಗಸು ಎಂದಿಟ್ಟುಕೊಳ್ಳಿ. ಪರೀಕ್ಷೆಗಳಲ್ಲಿ ಏನೂ ಸಿಕ್ಕಿಲ್ಲ. ಆಕೆ ಬಾಗಿಲಲ್ಲಿ ಕಂಡರೆ ಸಾಕು, ವೈದ್ಯರಿಗೆ ಸಿಟ್ಟು. ಗುಂಪು ರೋಗ ಯಾವುದೆಂದು ಹುಡುಕಲು ಹೋಗುವುದಿಲ್ಲ. ಆ ಸಿಟ್ಟು ಎಲ್ಲಿಂದ ಬಂತು ಎಂದು ಕೇಳುತ್ತದೆ. ಆಕೆಯ ಅಸಹಾಯಕತೆಯೇ ವೈದ್ಯರೊಳಗೆ ಸಿಟ್ಟಿನ ರೂಪ ತಾಳಿರಬಹುದೇ? ಆಕೆ ಏನೋ ಹೇಳಲು ಬಾಯಿ ತೆರೆದಾಗಲೆಲ್ಲ ಇವರು ಔಷಧದ ಚೀಟಿ ಬರೆಯಲು ತೊಡಗುತ್ತಿದ್ದರೇ? ಈ ತರಬೇತಿಯ ಜೀವಾಳ ಇದೇ ಎಂದು ನಾನು ನಂಬುತ್ತೇನೆ: ವೈದ್ಯರ ಸ್ವಂತ ಭಾವನೆಯೂ ರೋಗಿಯ ಕುರಿತು ಸುಳಿವು ಕೊಡುತ್ತದೆ, ಅದನ್ನು ಓದಲು ಅಭ್ಯಾಸ ಬೇಕು.

1957ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಬಾಲಿಂಟ್ ಸಾಮಾನ್ಯ ಚಿಕಿತ್ಸೆಯಲ್ಲಿ ಅತಿ ಹೆಚ್ಚು ಬಳಕೆಯಾಗುವ ಔಷಧ ವೈದ್ಯರೇ ಎಂದರು. ಆ ಔಷಧದ ಪ್ರಮಾಣವೆಷ್ಟು, ಅಡ್ಡಪರಿಣಾಮಗಳೇನು ಎಂಬುದು ಯಾವ ಪಠ್ಯದಲ್ಲೂ ಇರಲಿಲ್ಲ. ಇನ್ನೊಂದು ಅಪಾಯವನ್ನೂ ಅವರು ತೋರಿಸಿದರು: ಒಬ್ಬ ತಜ್ಞರಿಂದ ಇನ್ನೊಬ್ಬರಿಗೆ ರೋಗಿಯನ್ನು ಕಳಿಸುತ್ತ ಹೋದರೆ, ದೊಡ್ಡ ತೀರ್ಮಾನಗಳೆಲ್ಲ ಆಗಿಬಿಡುತ್ತವೆ, ಹೊಣೆ ಮಾತ್ರ ಯಾರದೂ ಆಗಿರುವುದಿಲ್ಲ.

ಹೊಸದಾಗಿ ಗುಂಪು ಸೇರುವವರಿಗೆ ಒಂದು ಮಾತು. ಆರಂಭದಲ್ಲಿ ಎಲ್ಲರೂ ಸಲಹೆ ಕೊಡಲು ಮುಂದಾಗುತ್ತಾರೆ: ಸ್ಕ್ಯಾನ್ ಮಾಡಿಸಿ, ಮಾತ್ರೆ ಬದಲಿಸಿ ಎಂದು. ನಡೆಸಿಕೊಡುವವರು ಅದನ್ನು ಮೃದುವಾಗಿ ತಡೆದು, ಮಾತನ್ನು ಮತ್ತೆ ಆ ವೈದ್ಯರು ಮತ್ತು ರೋಗಿಯ ನಡುವಿನ ಸಂಬಂಧಕ್ಕೆ ತರುತ್ತಾರೆ. ಈ ಕಲಿಕೆ ನಿಧಾನ. ವೈದ್ಯರ ಸ್ವಭಾವವೇ ತುಸು ಬದಲಾಗಬೇಕಾದ್ದರಿಂದ ಇದಕ್ಕೆ ವರ್ಷಗಳೇ ಬೇಕೆಂದು ಬಾಲಿಂಟ್ ತಿಳಿದಿದ್ದರು.