ಉಸಿರಿಗೆ ಹೊಟ್ಟೆಯೂ ಬೇಕು!

ರೈಲು ಹಿಡಿಯಲು ಸ್ಟೇಷನ್ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದಲ್ಲವೇ? ಆಗ ಮೇಲಿಂದ ಮೇಲೆ ಚಿಕ್ಕ ಚಿಕ್ಕ ಉಸಿರು ಎಳೆಯಬೇಡಿ. ಏಕೆ? ಈ ಲೆಕ್ಕ ನೋಡಿ.

ವಯಸ್ಕರು ಆರಾಮವಾಗಿ ಕುಳಿತಾಗ ಒಂದು ಉಸಿರಿಗೆ ಸುಮಾರು 500 ಮಿ.ಲೀ. ಗಾಳಿ ಒಳಗೆ ಹೋಗುತ್ತದೆ. ಅದರಲ್ಲಿ ಸುಮಾರು 150 ಮಿ.ಲೀ. ಮೂಗು, ಶ್ವಾಸನಾಳಗಳಲ್ಲೇ ಉಳಿದು ವ್ಯರ್ಥ. ನಿಮಿಷಕ್ಕೆ 12 ಉಸಿರಾದರೆ ಉಪಯೋಗಕ್ಕೆ ಬರುವ ಗಾಳಿ 4.2 ಲೀಟರ್. ಅದೇ 250 ಮಿ.ಲೀ.ನಂತೆ 24 ಸಲ ಉಸಿರಾಡಿದರೆ? ಬರೀ 2.4 ಲೀಟರ್! ಶ್ರಮ ಹೆಚ್ಚು, ಲಾಭ ಕಡಿಮೆ.

ಶ್ವಾಸಕೋಶದ ಗಾಳಿಚೀಲಗಳ ಪೊರೆ ಬಹಳ ತೆಳು. ಅದನ್ನು ದಾಟಲು ಆಮ್ಲಜನಕಕ್ಕೆ ದೇಹದ ಶಕ್ತಿ ಬೇಡ. ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ರಕ್ತದ ಕಡೆಗೆ ತಾನಾಗಿ ಸಾಗುತ್ತದೆ. ಇದೇ ವಿಸರಣೆ. ಇಂಗಾಲದ ಡೈಆಕ್ಸೈಡ್ ರಕ್ತದಿಂದ ಹೊರಬರುವುದೂ ಹೀಗೆಯೇ. ಆದರೆ ಹೊಸ ಗಾಳಿಯನ್ನು ಅಲ್ಲಿಗೆ ಮುಟ್ಟಿಸುವುದು ಸ್ನಾಯುಗಳ ಕೆಲಸ. ಎದೆಗೂ ಹೊಟ್ಟೆಗೂ ನಡುವಿನ ವಪೆ ಎಂಬ ಸ್ನಾಯು ಕೆಳಗಿಳಿದಾಗ ಹೊಟ್ಟೆ ಉಬ್ಬಿ ಗಾಳಿ ಒಳಬರುತ್ತದೆ. ಜೋರಾಗಿ ಉಸಿರು ಬಿಡುವಾಗ, ಕೆಮ್ಮುವಾಗ ಹೊಟ್ಟೆಯ ಸ್ನಾಯುಗಳು ಬಿಗಿದು ವಪೆಯನ್ನು ಮೇಲೆ ತಳ್ಳುತ್ತವೆ.

ಹೀಗೆ ಮಾಡಿ:
👉 ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ ಇಡಿ.
👉 ಎರಡು ಎಣಿಸುತ್ತಾ ಮೂಗಿನಿಂದ ಉಸಿರೆಳೆಯಿರಿ. ಹೊಟ್ಟೆಯ ಕೈ ಮೇಲೇಳಬೇಕು.
👉 ಸೀಟಿ ಊದುವಂತೆ ತುಟಿ ಮಾಡಿ, ನಾಲ್ಕು ಎಣಿಸುತ್ತಾ ಬಿಡಿ. ತಲೆ ಸುತ್ತಿದರೆ ನಿಲ್ಲಿಸಿ.

⚠️ ಸುಮ್ಮನೆ ಕುಳಿತಾಗಲೂ ಏದುಸಿರು, ಎದೆನೋವು, ತುಟಿ ನೀಲಿಯಾಗುವುದು ಕಂಡರೆ ವ್ಯಾಯಾಮ ಮಾಡುತ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ. "ವಯಸ್ಸಾಯ್ತು, ಅದಕ್ಕೇ" ಎನ್ನುವ ಅಪ್ಪ ಅಮ್ಮನಿಗೂ ಇದನ್ನು ಓದಿ ಹೇಳಿ. 🙏