*ಇಂದಿನ ಧಮ್ಮ ಚಿಂತನೆ: ‘ಹೋಗಿ ಬರ್ತೀನ್ರಿ’ ಎಂಬ ಮಾತು*




ನಮ್ಮ ಜಮಖಂಡಿ, ಮುಧೋಳ ಕಡೆ ಮನೆಯಿಂದ ಹೊರಡುವವರು ‘ಹೋಗ್ತೀನಿ’ ಅನ್ನುವುದಿಲ್ಲ, ‘ಹೋಗಿ ಬರ್ತೀನ್ರಿ’ ಅನ್ನುತ್ತಾರೆ. ಬಾಗಲಕೋಟೆಗೆ ಹೊರಟವರಿಗೆ ಈ ಮಾತು ಸಲೀಸು. ಆದರೆ ಒಂದು ಸೆಮಿಸ್ಟರ್ ಓದಲು ಪರದೇಶಕ್ಕೆ ಹೋದ ನಮ್ಮ ಮಗನೋ ಮಗಳೋ ಅಲ್ಲಿಂದ ಹೊರಡುವ ದಿನ ಏನು ಹೇಳಬೇಕು? ನಾಲ್ಕು ತಿಂಗಳು ಕೋಣೆ ಹಂಚಿಕೊಂಡ ಗೆಳತಿ, ಭಾಷೆ ತಿಳಿಯದಿದ್ದಾಗ ತಾಳ್ಮೆಯಿಂದ ಕಲಿಸಿದ ಗುರು, ಇವರನ್ನು ಮತ್ತೆ ಕಾಣುವುದು ಬಹುಶಃ ಆಗದು. ‘ಬರ್ತೀನಿ’ ಅಂದರೆ ಸುಳ್ಳಾಗಬಹುದು. ಕೆಲವರು ಸಂಕಟ ತಪ್ಪಿಸಲು ಹೇಳದೇ ಹೊರಡುತ್ತಾರೆ. ಕೆಲವರು ದಿನಾ ಫೋನ್ ಮಾಡುವುದಾಗಿ ಮಾತು ಕೊಟ್ಟು ತಿಂಗಳೊಳಗೆ ಮರೆಯುತ್ತಾರೆ. ಸಮ್ಮಾ ವಾಚಾ, ಅಂದರೆ ಸಮ್ಯಕ್ ವಾಕ್ಕು, ಪಾಲಿಸುವವರು ಇದನ್ನು ಯೋಚಿಸಬೇಕು.

*ನಳಂದಾದಿಂದ ಒಂದು ಬೀಳ್ಕೊಡುಗೆ*

ನಮ್ಮ ಜಿಲ್ಲೆಯ ಬಾದಾಮಿಯ ದೊರೆ ಇಮ್ಮಡಿ ಪುಲಕೇಶಿಯ ಬಗ್ಗೆ ಬರೆದಿಟ್ಟ ಚೀನಾದ ಭಿಕ್ಷು ಹ್ಯುಯೆನ್ ತ್ಸಾಂಗ್ ಶಾಲೆಯ ಪಾಠದಿಂದ ನಮಗೆ ಪರಿಚಿತರು. ಅವರು ಬಂದದ್ದು ಧಮ್ಮ ಕಲಿಯಲು. ನಳಂದಾದಲ್ಲಿ ವಯೋವೃದ್ಧ ಆಚಾರ್ಯ ಶೀಲಭದ್ರರ ಬಳಿ ವರ್ಷಗಟ್ಟಲೆ ಓದಿದರು. ಹೊರಡುವಾಗ ಅಲ್ಲಿನ ಭಿಕ್ಷುಗಳು, ಬುದ್ಧರು ಹುಟ್ಟಿದ ನಾಡನ್ನು ಬಿಡುವುದೇಕೆ ಎಂದು ತಡೆದರು. ಈ ನಾಡು ನನಗೂ ಪ್ರಿಯವೇ, ಆದರೆ ಕಲಿತದ್ದನ್ನು ನನ್ನ ಜನರಿಗೆ ಮುಟ್ಟಿಸುವುದೇ ಗುರುಗಳ ಋಣ ತೀರಿಸುವ ದಾರಿ ಎಂದು ಅವರು ಹೇಳಿದರು. ಶೀಲಭದ್ರರು ಸಂತೋಷಪಟ್ಟು, ಇವರನ್ನು ಯಾರೂ ತಡೆಯಬೇಡಿ ಎಂದರು.

ದಾರಿಯಲ್ಲಿ ಸಿಂಧೂ ನದಿ ದಾಟುವಾಗ ದೋಣಿ ಹೊಯ್ದಾಡಿ 50 ಹಸ್ತಪ್ರತಿಗಳು ನೀರುಪಾಲಾದವು. 645ರಲ್ಲಿ 657 ಗ್ರಂಥಗಳೊಂದಿಗೆ ಚಾಂಗಾನ್ ತಲುಪಿದರು. ಉಳಿದ ಆಯುಷ್ಯವನ್ನೆಲ್ಲ ಅನುವಾದಕ್ಕೆ ಕೊಟ್ಟರು. 654ರಲ್ಲಿ ನಳಂದಾದ ಜ್ಞಾನಪ್ರಭರಿಗೆ ಪತ್ರ ಬರೆದು, ಗುರುಗಳ ನಿಧನಕ್ಕೆ ಮರುಗಿದರು, ಅನುವಾದದ ಕೆಲಸ ಎಲ್ಲಿಗೆ ಬಂತೆಂದು ತಿಳಿಸಿದರು, ಕಳೆದುಹೋದ ಗ್ರಂಥಗಳ ಪಟ್ಟಿ ಕೊಟ್ಟು ಅವುಗಳನ್ನು ಕಳಿಸುವಂತೆ ಕೇಳಿದರು. ಅವರು ಮತ್ತೆ ನಳಂದಾಗೆ ಬರಲಿಲ್ಲ. ಆದರೆ ಅಲ್ಲಿಯ ನಂಟು ಕಡಿಯಲಿಲ್ಲ.

*ಬಾಬಾಸಾಹೇಬರು*

1917ರಲ್ಲಿ ಬರೋಡಾದ ವಿದ್ಯಾರ್ಥಿವೇತನದ ಅವಧಿ ಮುಗಿದು ಬಾಬಾಸಾಹೇಬರು ಲಂಡನ್ನಿನ ಓದನ್ನು ಅರ್ಧಕ್ಕೇ ಬಿಟ್ಟು ಬರಬೇಕಾಯಿತು. ನಾಲ್ಕು ವರ್ಷದೊಳಗೆ ಮರಳಿ ಓದು ಮುಂದುವರಿಸಲು ಅನುಮತಿ ಪಡೆದೇ ಹೊರಟರು. ಅದು ಮಹಾಯುದ್ಧದ ಕಾಲ. ಬೇರೆ ಹಡಗಿನಲ್ಲಿ ಕಳಿಸಿದ್ದ ಅವರ ಪುಸ್ತಕಗಳು ದಾಳಿಗೆ ಸಿಕ್ಕು ಸಮುದ್ರದ ಪಾಲಾದವು. ಊರಲ್ಲಿ ಅಸ್ಪೃಶ್ಯತೆಯ ಅವಮಾನ ಕಾದಿತ್ತು. ಆದರೂ 1920ರಲ್ಲಿ ಲಂಡನ್ನಿಗೆ ಮರಳಿದರು, 1923ರಲ್ಲಿ ಡಿ.ಎಸ್ಸಿ. ಪದವಿ ಪಡೆದರು. ‘ಹೋಗಿ ಬರ್ತೀನಿ’ ಎಂಬುದನ್ನು ಅವರು ಅಕ್ಷರಶಃ ನಡೆಸಿಕೊಟ್ಟರು.

*ನಮಗೆ ಪಾಠ*

ಒಬ್ಬರು ಮರಳಲಿಲ್ಲ, ಒಬ್ಬರು ಮರಳಿದರು. ಇಬ್ಬರ ಕೈಯಿಂದಲೂ ಪುಸ್ತಕ ಹೋದವು. ಅನಿತ್ಯ ಅಂದರೆ ಇದೇ. ಇಬ್ಬರಲ್ಲೂ ಉಳಿದದ್ದು ಕಲಿಕೆ, ಮತ್ತು ಅದನ್ನು ಜನರಿಗೆ ಹಂಚುವ ಹೊಣೆ. ಅಗಲುವಾಗ ಕಣ್ಣು ತುಂಬಿದರೆ ಅದು ದೋಷವಲ್ಲ. ಆ ದಿನಗಳು ಹಾಗೇ ಉಳಿಯಬೇಕಿತ್ತು ಎಂಬ ಹಟ ದುಃಖ ಬೆಳೆಸುತ್ತದೆ. ಅನಾಸಕ್ತಿ ಅಂದರೆ ಮರೆಯುವುದಲ್ಲ. ಕೃತಜ್ಞತೆ ಇಟ್ಟುಕೊಂಡು ಹಟ ಬಿಡುವುದು.

ಹಾಗಾದರೆ ಹೇಗೆ ಬೀಳ್ಕೊಳ್ಳಬೇಕು? ಸಂಘದಲ್ಲಿ ಅದಕ್ಕೆ ಪದ್ಧತಿಯೇ ಇದೆ. ಮೂರು ತಿಂಗಳ ವರ್ಷಾವಾಸ ಮುಗಿದಾಗ ಭಿಕ್ಷುಗಳು ಪವಾರಣಾ ಮಾಡುತ್ತಾರೆ. ನನ್ನಲ್ಲಿ ತಪ್ಪು ಕಂಡಿದ್ದರೆ, ಕೇಳಿದ್ದರೆ, ಅನುಮಾನ ಬಂದಿದ್ದರೆ ಕರುಣೆಯಿಂದ ಹೇಳಿ ಎಂದು ಹಿರಿಯರಿಂದ ಹಿಡಿದು ಕಿರಿಯರವರೆಗೆ ಎಲ್ಲರೂ ಕೇಳಿಕೊಳ್ಳುತ್ತಾರೆ. ಮನಸ್ಸು ಹಗುರಾದ ಮೇಲೆ ಚಾರಿಕೆಗೆ ಹೊರಡುತ್ತಾರೆ.

*ಇಂದಿನ ಅಭ್ಯಾಸ*

1. ಹೊರಡುವ ಮುನ್ನ ಮುಖಾಮುಖಿ ಭೇಟಿಯಾಗಿ, ‘ನಿಮಗೆ ನನ್ನಿಂದ ನೋವಾಗಿದ್ದರೆ ಹೇಳಿ’ ಎಂದು ಕೇಳಿ.
2. ಅವರಿಂದ ಕಲಿತ ಒಂದು ಸಂಗತಿಯನ್ನು ಹೆಸರಿಟ್ಟು ಹೇಳಿ, ಧನ್ಯವಾದ ಅರ್ಪಿಸಿ.
3. ನಡೆಸಲು ಆಗುವಷ್ಟೇ ಮಾತು ಕೊಡಿ. ವರ್ಷಕ್ಕೊಂದು ಪತ್ರ ಸಾಕು, ಅದನ್ನು ತಪ್ಪಿಸಬೇಡಿ.

ಪರದೇಶದಿಂದ ಮರಳಿದ ಮಕ್ಕಳಿರುವ ಮನೆಯವರಿಗೆ ಒಂದು ಮಾತು. ‘ಏನೇನು ತಂದಿ?’ ಎಂದು ಕೇಳುವ ಮೊದಲು ‘ಯಾರನ್ನ ಬಿಟ್ಟು ಬಂದಿ?’ ಎಂದು ಕೇಳಿ. ಸುಮ್ಮನೆ ಕೂತು ಕೇಳಿಸಿಕೊಳ್ಳಿ. ಅದೂ ಕರುಣೆಯ ಅಭ್ಯಾಸವೇ.

ಎಲ್ಲರಿಗೂ ಮಂಗಲವಾಗಲಿ.
ಸಾಧು, ಸಾಧು, ಸಾಧು.